ನೀರಿನ ಸರದಿಯ ಒಗಟು

ಹನಕೆರೆ ಕಡೆಯ ಸರ್ಕಾರಿ ಶಾಲೆಯ ಪುಟ್ಟರಾಜು ಮೇಷ್ಟ್ರು ಮಗ್ಗಿ ಹೇಳಿಸಿ ಹೇಳಿಸಿ ಮಕ್ಕಳ ಗಂಟಲು ಕಟ್ಟಿಸುವ ಪೈಕಿಯವರಲ್ಲ. ಚಿಕ್ಕಂದಿನಲ್ಲಿ ಮಗ್ಗಿ ತಪ್ಪಿ, ಏಟು ತಿಂದು ಬೆನ್ನು ಬಾತುಕೊಂಡು ಬೆಳೆದ ಜೀವ ಅದು. ಅದಕ್ಕೇ ಶನಿವಾರದ ಕೊನೇ ಪೀರಿಯಡ್ಡಿನಲ್ಲಿ ಐದನೇ ತರಗತಿ ಮಕ್ಕಳ ಕೈಲೇ ಅಂಕಿಯ ಒಗಟು ಕಟ್ಟಿಸುತ್ತಿದ್ದರು.

"ಬಿಡಿಸೋರು ಬೇಕಾದಷ್ಟು ಜನ ಸಿಕ್ತಾರೆ ಕಣ್ರಲಾ, ಕಟ್ಟೋನೇ ಗಟ್ಟಿಗ. ಒಗಟಿಗೆ ಒಂದೇ ಉತ್ತರ ಇರ್ಬೇಕು. ಎರಡು ಬಂತೋ, ಅದು ತೂತು ಮಡಕೆ!" ಅನ್ನುತ್ತಿದ್ದರು.

ಆದರೆ ಮುಖ್ಯೋಪಾಧ್ಯಾಯಿನಿ ಪ್ರಿಯಂವದಾ ಮೇಡಂಗೆ ಸಮಾಧಾನವಿಲ್ಲ. ಅವರು ಮಂಡ್ಯ ಪೇಟೆಯಲ್ಲೇ ಹುಟ್ಟಿ ಬೆಳೆದವರು. "ಮಕ್ಕಳನ್ನ ಆಟ ಆಡಿಸ್ತಾವ್ರೆ ಅಂತ ಊರೋರು ನನ್ನ ಕೇಳ್ತಾರೆ ಮೇಷ್ಟ್ರೇ. ಇವತ್ತು ನಾನೇ ಕೂತು ಬಿಡಿಸ್ತೀನಿ. ಒಗಟು ಸರಿಯಿದ್ರೆ ಪೀರಿಯಡ್ಡು ಉಳೀತು. ಇಲ್ಲಾಂದ್ರೆ ಮಗ್ಗಿ" ಅಂದುಬಿಟ್ಟರು.

ಬೋರ್ಡಿನ ಮುಂದೆ ಬಂದವಳು ರಂಜಿತ. ಲೆಕ್ಕದ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಹುಡುಗಿ. ಸಾಲಾಗಿ ನಾಲ್ಕು ಗದ್ದೆ ಬರೆದಳು. ಎಡತುದಿಯದು ತೂಬಿನ ಪಕ್ಕದ್ದು, ಬಲತುದಿಯದು ಕಾಲುವೆಯ ಕೊನೆಯದು. ಒಂದರಿಂದ ನಾಲ್ಕರವರೆಗೆ ನೀರಿನ ಸರದಿ ತುಂಬಬೇಕು. ಅಕ್ಕಪಕ್ಕದ ಗದ್ದೆಗಳಿಗೆ ಒಂದರ ಹಿಂದೊಂದು ಸರದಿ ಬರಕೂಡದು.

ಸ್ವರೂಪ್ ಓಡಿಹೋಗಿ ಎಡದಿಂದ ಮೂರು, ಒಂದು, ನಾಲ್ಕು, ಎರಡು ಎಂದು ಬರೆದ. ಅದೇ ಸರಿ ಅಂದಳು ರಂಜಿತ.

ಮೇಡಂ ತಮ್ಮ ಹಾಳೆ ಎತ್ತಿ ತೋರಿಸಿದರು. ಎರಡು, ನಾಲ್ಕು, ಒಂದು, ಮೂರು. "ಇದಕ್ಕೇನಾಗಿದೆ?"

ಮೇಷ್ಟ್ರು ಬೆರಳು ಮಡಿಚಿ ಎಣಿಸಿ ನೋಡಿದರು. ಅದೂ ಕೂತುಕೊಳ್ಳುತ್ತದೆ! ನಿನ್ನೆ ಈ ಒಗಟನ್ನು ತಾವೇ ನೋಡಿ ಭೇಷ್ ಅಂದಿದ್ದರಲ್ಲ.

"ಅದೆಂಗಾಯ್ತದೆ ಮಿಸ್?" ರಂಜಿತ ಸೊಂಟಕ್ಕೆ ಕೈಯಿಟ್ಟಳು. "ಕೊನೆ ಗದ್ದೆಗೆ ಬುಡದೆ ತೂಬಿನ ಗದ್ದೆಗೆ ಬುಟ್ರೆ ನಮ್ಮಜ್ಜಿ ಗುದ್ದಲಿ ಎತ್ಕೊಂಡ್ ಬತ್ತದೆ!"

ತರಗತಿ ಗೊಳ್ಳೆಂದಿತು. ಆಗ ಮೇಷ್ಟ್ರಿಗೆ ಹೊಳೆಯಿತು. ಕೊನೆಯವನ ಪೈರು ನೆನೆದ ಮೇಲೆಯೇ ತೂಬಿನವನಿಗೆ ನೀರು ಅನ್ನುವುದು ಊರ ಕಟ್ಟಳೆ. ಅದೇ ಕಾಲುವೆ ನೀರು ಕುಡಿದು ಬೆಳೆದ ಅವರಿಗೂ ಅದನ್ನು ಬರೆಯಬೇಕು ಅನ್ನಿಸಿರಲೇ ಇಲ್ಲ.

"ನಿಮ್ಮೂರ ಕಟ್ಟಳೆ ನನಗೇನು ಗೊತ್ತಮ್ಮಾ? ಬೋರ್ಡಿನ ಮೇಲೆ ಎಲ್ಲಿದೆ?" ಅಂದರು ಮೇಡಂ.

"ತೂತು ಮಡಕೆ," ಸ್ವರೂಪ್ ಗೊಣಗಿದ.

"ಮುಚ್ಲಾ ಬಾಯ!" ರಂಜಿತ ಅವನ ಮೇಲೆ ಸಿಡುಕಿದಳು.

ರಂಜಿತಳ ಕಣ್ಣು ತುಂಬುವುದರಲ್ಲಿತ್ತು. ಮೇಷ್ಟ್ರು ಸೀಮೆಸುಣ್ಣ ಚಾಚಿದರು. ಅವಳು ಮೂಗೊರೆಸಿಕೊಂಡು ಬರೆದಳು: ಕೊನೆಯ ಗದ್ದೆ ಆದ ಮೇಲೆಯೇ ತೂಬಿನ ಗದ್ದೆ.

ಮೇಡಂ ತಮ್ಮ ಉತ್ತರ ಹೊಡೆದುಹಾಕಿದರು. ಬೇರೆ ಬೇರೆ ಥರ ತುಂಬಿ ನೋಡಿದರು, ಸ್ವರೂಪ್ ಬರೆದದ್ದು ಬಿಟ್ಟು ಯಾವುದೂ ನಿಲ್ಲಲಿಲ್ಲ.

"ಹೂಂ. ಈಗ ಒಂದೇ. ಏನು ಬಿಟ್ಟಿದ್ದೀನಿ ಅಂತ ತಾನೇ ಕಂಡುಕೊಂಡಳಲ್ಲ, ಮಗ್ಗಿ ಹೇಳಿಸಿದ್ರೆ ಇದು ಬರ್ತಿತ್ತಾ? ಪೀರಿಯಡ್ಡು ಇರ್ಲಿ ಮೇಷ್ಟ್ರೇ."

ಮೇಷ್ಟ್ರು ಕುರ್ಚಿಯ ಮೇಲೆ ಕೂತರು. ಒಡೆಯಲಿದ್ದ ಗದ್ದೆಯ ಬದು ಹೇಗೋ ನಿಂತಂತೆ, ಹೋದ ಜೀವ ಬಂದಿತ್ತು.

ಗಂಟೆ ಹೊಡೆಯಿತು. ಮೇಡಂ ಮಾತ್ರ ಬೋರ್ಡು ಬಿಟ್ಟು ಕದಲಲಿಲ್ಲ. "ಐದು ಗದ್ದೆ ಮಾಡಿದ್ರೆ ಏನಾಗುತ್ತೆ?"

"ತಡೀರಿ ಮಿಸ್," ಅನ್ನುತ್ತ ರಂಜಿತ ಆಗಲೇ ಇನ್ನೊಂದು ಗದ್ದೆಗೆ ಗೆರೆ ಎಳೆಯುತ್ತಿದ್ದಳು.