ಖಾಲಾ ಹಸನು ಮಾಡಿದ ಅಕ್ಕಿ

ಮೊನ್ನೆ ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಮುಂದೆ ಹಾಯುವಾಗ ಬಿಸಿ ತೌಡಿನ ವಾಸನೆ ಮೂಗಿಗೆ ಬಡಿಯಿತು. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಎದುರುಮನೆಯಾಕೆ ಕಣ್ಮುಂದೆ ಬಂದಳು. ಆಕೆಯ ಸೆರಗಿಗೂ ಇದೇ ವಾಸನೆ ಇರುತ್ತಿತ್ತು...

ಮಕ್ಕಳಿಲ್ಲದ ಮುದುಕಿ. ಮೊಣಕಾಲು ಕೈಕೊಟ್ಟು, ಒಬ್ಬಳೇ ಏಳುವುದೂ ಕಷ್ಟವಾಗಿತ್ತು. ಆಕೆಯ ತಂಗಿಯ ಮಗ ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಒಳ್ಳೆಯವನೇ, ಆದರೆ ದಿನವೂ ನೋಡಿಕೊಳ್ಳುವವರು ಯಾರು? ಒಂದು ಸಂಜೆ ಬಂದು, ವೃದ್ಧಾಶ್ರಮದಲ್ಲಿ ಮಾತಾಡಿ ಬಂದಿದ್ದೇನೆ ಎಂದ. ಖಾಲಾ ಗೋಡೆಯತ್ತ ಮುಖ ತಿರುಗಿಸಿದಳು.

ನಮ್ಮವ್ವ ಅವನಿಗೆ ಚಹಾ ಕೊಟ್ಟು, "ಓಣ್ಯಾಗ ಇಷ್ಟು ಮಂದಿ ಅದೀವಿ. ಇಲ್ಲೇ ಇರ್ಲಿ ಬಿಡಪಾ" ಎಂದಳು. ಅವನು ಚಹಾ ಮುಗಿಸುವಷ್ಟರಲ್ಲಿ ಓಣಿ ಕೆಲಸ ಹಂಚಿಕೊಂಡಿತ್ತು. ಸ್ನಾನ ಮಾಡಿಸುವುದು ಅವ್ವ, ರೊಟ್ಟಿ ಪಲ್ಯ ಪಕ್ಕದ ಮನೆಯವರು. ರಾತ್ರಿ ಜೊತೆಗೆ ಮಲಗಲು ಟೇಲರನ ಹೆಂಡತಿ ತಾನೇ ಮುಂದೆ ಬಂದಳು.

ಒಪ್ಪದವಳು ಖಾಲಾ ಒಬ್ಬಳೇ. ಹಟಕ್ಕೆ ಬಿದ್ದರೆ ಯಾರ ಮಾತೂ ಕೇಳುವವಳಲ್ಲ. "ಪುಕ್ಕಟ ಉಣ್ಣಾಕ ನಾ ಒಲ್ಲೆ. ಅದಕ್ಕಿಂತ ಆಶ್ರಮನ ಛಲೋ" ಅಂದುಬಿಟ್ಟಳು.

ಮರುದಿನ ಅವ್ವ ಕೇರುವ ಮರದ ತುಂಬ ಅಕ್ಕಿ ತಂದು ಮುಂದಿಟ್ಟಳು. ಹರಳು ಆರಿಸಿ ಹಸನು ಮಾಡಿಕೊಡಬೇಕಂತೆ, ಅವ್ವನಿಗೆ ಕಣ್ಣು ಕಾಣುವುದಿಲ್ಲವಂತೆ. ಖಾಲಾಳ ಮುಖ ಅರಳಿತು. ಅಂದಿನಿಂದ ಓಣಿಯ ಅಕ್ಕಿಯೆಲ್ಲ ಆಕೆಯ ಕಟ್ಟೆಗೇ ಬಂತು.

ಆದರೆ ಈಗಿನ ಗಿರಣಿ ಅಕ್ಕಿಯಲ್ಲಿ ಹರಳೆಲ್ಲಿ? ಕೊಡುವ ಮುಂಚೆ ನಾವೇ ಅಂಗಳದಿಂದ ಒಂದಿಷ್ಟು ಆರಿಸಿ, ತೊಳೆದು ಬೆರೆಸುತ್ತಿದ್ದೆವು. ಭಾರಿ ಜಾಣರು ನಾವು ಎಂದುಕೊಂಡಿದ್ದೆವು. ಒಂದು ದಿನ ಅಕ್ಕಿಯ ಮರ ಕೊಡುವಾಗ ಖಾಲಾ ನನ್ನ ಕೈ ಹಿಡಿದಳು.

"ನಿಮ್ಮವ್ವಗ ಹೇಳವಾ, ಇನ್ನ ಸಣ್ಣ ಹರಳು ಹಾಕ್ಲಿ. ದೊಡ್ಡವು ಲಗೂ ಸಿಗ್ತಾವು, ಮಧ್ಯಾಹ್ನಕ್ಕ ಕೆಲಸ ಮುಗದ ಹೋಗ್ತೈತಿ."

ಅವ್ವನಿಗೆ ಹೇಳಿದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮರುದಿನದಿಂದ ಹರಳು ಸಣ್ಣವಾದವು.

ಕೆಲವು ವರ್ಷ ಹೀಗೇ ಸುಖವಾಗಿ ನಡೆಯಿತು. ಖಾಲಾ ತನ್ನ ಮನೆಯಲ್ಲೇ ಕಣ್ಣು ಮುಚ್ಚಿದಳು. ತಂಗಿಯ ಮಗ ಓಡೋಡಿ ಬಂದು, ಓಣಿಯವರಿಗೆ ತಿಳಿಸಬೇಕು ಎಂದ. ತಿಳಿಸುವುದೇನು, ಎಲ್ಲರೂ ಅಲ್ಲೇ ಇದ್ದೆವು...

ಈಗ ಅವ್ವನಿಗೂ ವಯಸ್ಸಾಯಿತು, ಗೋಡೆ ಹಿಡಿದೇ ನಡೆಯುತ್ತಾಳೆ. ನಿನ್ನೆ ಪಕ್ಕದ ಮನೆಯ ಸೊಸೆ ಒಂದು ಬುಟ್ಟಿ ಬೆಳ್ಳುಳ್ಳಿ ತಂದು, ತನಗೆ ಪುರುಸೊತ್ತಿಲ್ಲ, ಸುಲಿದುಕೊಡಬೇಕು ಎಂದಳು. ಅವ್ವ ಅವಳ ಮುಖವನ್ನೊಮ್ಮೆ ನೋಡಿ, ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು.