ಅತ್ತಿಗೆಯ ವಾಷ್, ವಾಷ್ಡ್, ವಾಷಿಂಗ್

ನಮ್ಮತ್ತಿಗೆಗೆ ಇಂಗ್ಲಿಷ್ ಕಲಿಸುವ ಕೆಲಸ ನನ್ನ ತಲೆಗೆ ಬಿದ್ದಾಗ, ಇದೇನು ಮಹಾ ಅಂದುಕೊಂಡಿದ್ದೆ. ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂತು ದಿನವಿಡೀ ಇಂಗ್ಲಿಷಿನಲ್ಲೇ ಬಾಯಿ ಬಡಿದುಕೊಳ್ಳುವವಳು ನಾನು. ಅತ್ತಿಗೆ ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ತೊಳೆಯುವ ವಿಭಾಗದಲ್ಲಿ. ವಾರ್ಡುಗಳ ಹಾಸು, ಹೊದಿಕೆ, ಟವೆಲ್ಲು, ಆಪರೇಷನ್ ಥಿಯೇಟರಿನ ಹಸಿರು ಗೌನು ಎಲ್ಲ ಅಲ್ಲಿಗೇ ಇಳಿಯಬೇಕು. ಒದ್ದೆ ಬಟ್ಟೆಯ ಬುಟ್ಟಿ ಎತ್ತಿ ಎತ್ತಿ ಅವಳ ಸೊಂಟ ಹಿಡಿದುಹೋಗಿತ್ತು. "ಇನ್ನು ಭಾರ ಎತ್ತಿದ್ರೆ ನೀವೇ ಇಲ್ಲಿ ಮಲಗಬೇಕಾಗುತ್ತೆ" ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ಅವಳ ಪಾಳಿಯ ಮುಖ್ಯಸ್ಥೆ ನಿವೃತ್ತರಾದರು. ಆ ಜಾಗ ಸಿಕ್ಕರೆ ಎತ್ತುವ ಕೆಲಸವಿಲ್ಲ, ಮಾಡಿಸುವುದಷ್ಟೇ. ಸಿಗದಿದ್ದರೆ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು. ನಮ್ಮತ್ತಿಗೆಯನ್ನು ಮನೆಯಲ್ಲಿ ಕೂರಿಸುವುದೆಂದರೆ ಜೈಲಿಗೆ ಹಾಕಿದ ಹಾಗೆ. ಆದರೆ ಮ್ಯಾನೇಜರ್ ಒಂದು ಷರತ್ತು ಹಾಕಿದ್ದರು. ನರ್ಸುಗಳು ನಾನಾ ಭಾಷೆಯವರು, ಹಾಗಾಗಿ ಪಾಳಿ ಬದಲಾಗುವಾಗ ಮುಖ್ಯಸ್ಥರು ಇಂಗ್ಲಿಷಿನಲ್ಲೇ ವರದಿ ಒಪ್ಪಿಸಬೇಕು: ಏನು ತೊಳೆದಾಯಿತು, ಏನು ತೊಳೆಯುತ್ತಿದ್ದೇವೆ, ಮುಂದೆ ಏನು ತೊಳೆಯುತ್ತೇವೆ. ಅತ್ತಿಗೆ ಅವರೆದುರು ಒಮ್ಮೆ ಒಪ್ಪಿಸಿ ತೋರಿಸಬೇಕಿತ್ತು.

"ಒಂದೇ ಕ್ರಿಯಾಪದ ಸಾಕು ಅತ್ತಿಗೆ. ವಾಷ್. ಅದರ ಬಾಲ ಬದಲಾದ್ರೆ ಕಾಲ ಬದಲಾಗುತ್ತೆ, ಅಷ್ಟೇ" ಅಂದೆ ಅಡುಗೆಮನೆಯ ಮೇಜಿನ ಮುಂದೆ ಕೂತು. "ಹೇಳಿ, ವಿ ವಾಷ್ಡ್ ದ ಶೀಟ್ಸ್."

"ಶೀಟು ಎಲ್ಲಿದೆ ಈಗ?" ಅಂತ ಕೇಳಿದಳು.

"ಎಲ್ಲಿದ್ರೇನು?"

"ಕಪಾಟಿಗೆ ಬಂತಾ, ಇನ್ನೂ ಡ್ರೈಯರಲ್ಲಿದೆಯಾ?"

ಆಗ ಗೊತ್ತಾಯಿತು ನೋಡಿ ಆ ನೆಲಮಾಳಿಗೆಯ ಮಡಿವಂತಿಕೆ. ಬಟ್ಟೆ ಒಣಗಿ, ಮಡಿಸಿಯಾಗಿ, ಕಪಾಟು ಸೇರುವ ತನಕ ಅಲ್ಲಿ ಯಾರೂ 'ತೊಳೆದಾಯ್ತು' ಅನ್ನುವುದಿಲ್ಲ. ಬಾಯಿ ತಪ್ಪಿ ಅಂದವರು ನಾಲಿಗೆ ಕಚ್ಚಿಕೊಳ್ಳುತ್ತಾರೆ. ಹಾಗಾಗಿ ನಾನು ಏನೇ ಕೇಳಿದರೂ ಅತ್ತಿಗೆಯದು ಒಂದೇ ಉತ್ತರ, "ವಿ ಆರ್ ವಾಷಿಂಗ್." ಬೆಳಗ್ಗೆ ಕೇಳಿದರೂ ಅದೇ, ಸಂಜೆ ಕೇಳಿದರೂ ಅದೇ! ನನಗೆ ತಲೆ ಕೆಟ್ಟುಹೋಯಿತು.

"ಇದು ಪಾಠ ಅತ್ತಿಗೆ, ಕೋರ್ಟಿನ ಸಾಕ್ಷಿ ಅಲ್ಲ!"

"ಆಗದೇ ಇರೋದನ್ನ ಆಯ್ತು ಅಂತ ಹೇಗೆ ಹೇಳಲೇ?" ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

ನಮ್ಮಣ್ಣನೋ, ಪಕ್ಕದಲ್ಲಿ ಕೂತು ಒಗ್ಗರಣೆ ಹಾಕುವುದಕ್ಕೇ ಹುಟ್ಟಿದವನು. "ಬಿಡೇ, ಕಲಿಸಬೇಡ. ಈಗ ಒಂದು ಭಾಷೇಲಿ ಬೈಸ್ಕೋತಿದೀನಿ, ಆಮೇಲೆ ಎರಡರಲ್ಲಿ" ಅಂದ. ಅತ್ತಿಗೆ ಸೌಟು ತೋರಿಸಿದಳು.

ಕೊನೆಗೆ ರಾಜಿಯಾಯಿತು. ಎಲ್ಲ ಬಟ್ಟೆಯೂ ಕಪಾಟಿನಲ್ಲಿದೆ ಅಂದುಕೊಂಡು ಒಂದು ವರದಿ ಬಾಯಿಪಾಠ ಮಾಡುವುದು. ಹಾಸು ತೊಳೆದೆವು, ಗೌನು ತೊಳೆದೆವು, ಟವೆಲ್ಲು ತೊಳೆಯುತ್ತಿದ್ದೇವೆ, ಪರದೆ ತೊಳೆಯುತ್ತೇವೆ. ಜೊತೆಗೆ 'ಡಿಡ್ ನಾಟ್ ವಾಷ್' ಅನ್ನುವುದನ್ನೂ ಒಂದು ಸಂಜೆ ಹೇಳಿಕೊಟ್ಟೆ, ಅದು ಬೇಕಾಗುವುದಿಲ್ಲ ಅಂತಲೂ ಹೇಳಿದೆ. ಅತ್ತಿಗೆ ತರಕಾರಿ ಹೆಚ್ಚುತ್ತ, ತಲೆ ಬಾಚುತ್ತ, ಹೊತ್ತಿಲ್ಲ ಗೊತ್ತಿಲ್ಲ, ಆ ವರದಿಯನ್ನೇ ಹೇಳುತ್ತಿದ್ದಳು. ಬಚ್ಚಲ ಬಾಗಿಲು ತಟ್ಟಿ ಅಣ್ಣ "ಇನ್ನೂ ಎಷ್ಟೊತ್ತು?" ಅಂದರೆ, ಒಳಗಿಂದ "ಐ ಆಮ್ ವಾಷಿಂಗ್!"

ಪರೀಕ್ಷೆಯ ದಿನ ಕೌಂಟರನ್ನು ಜೊತೆಯವಳಿಗೆ ವಹಿಸಿ ಕೆಳಗೆ ಓಡಿದೆ. ಅಲ್ಲಿ ನೋಡಿದರೆ ದೊಡ್ಡ ಮಷೀನು ನಿಂತುಬಿಟ್ಟಿದೆ! ಹಸಿರು ಗೌನುಗಳೆಲ್ಲ ಸೋಪಿನ ನೀರಲ್ಲಿ ಮುಳುಗಿ ಗಾಜಿನಾಚೆ ಸುಮ್ಮನೆ ಕೂತಿವೆ. ಬಾಯಿಪಾಠದಲ್ಲಿ ಗೌನು ತೊಳೆದಾಗಿದೆಯಲ್ಲ! ಅದನ್ನು ಬಿಟ್ಟರೆ ಇವಳಿಗೆ ಇಂಗ್ಲಿಷ್ ಎಲ್ಲಿ ಬರುತ್ತೆ?

ಮ್ಯಾನೇಜರ್ ಬಂದರು, ಹಿಂದೆಯೇ ಹೆಡ್ ನರ್ಸ್. ಪಾಳಿಯ ಹೆಂಗಸರೆಲ್ಲ ಗೋಡೆಗಂಟಿ ನಿಂತರು. ಮ್ಯಾನೇಜರ್ ಮೈಲಿಗೆ ಬಟ್ಟೆಯ ಗಾಡಿಯೊಳಗೆ ಕೈಯಾಡಿಸಿ ನೋಡಿ, "ಶುರು ಮಾಡಿ" ಅಂದರು.

"ವಿ ವಾಷ್ಡ್ ದ ಶೀಟ್ಸ್." ಹಾಸುಗಳು ಕಪಾಟಿನಲ್ಲಿದ್ದವು, ದನಿ ಗಟ್ಟಿಯಾಗಿಯೇ ಬಂತು. "ವಿ ವಾಷ್ಡ್ ದ..."

ನಿಂತಳು. ಮಷೀನಿನ ಕಡೆ ನೋಡಿದಳು. ಅಯ್ಯೋ, ಹೇಳಿಬಿಡೇ ಪುಣ್ಯಾತ್ಗಿತ್ತಿ, ಯಾರು ಕೇಳ್ತಾರೆ, ಅಂತ ನಾನು ಮನಸ್ಸಿನಲ್ಲೇ ಅಂಗಲಾಚಿದೆ.

"ನೋ" ಅಂದಳು ಅತ್ತಿಗೆ. "ವಿ ಡಿಡ್ ನಾಟ್ ವಾಷ್ ದ ಗೌನ್ಸ್. ಮಷೀನ್ ಸ್ಟಾಪ್ಡ್. ವಿ ವಿಲ್ ವಾಷ್ ಅಗೇನ್."

ಸ್ಟಾಪ್ಡ್! ಅದನ್ನು ನಾನು ಕಲಿಸಿದ್ದೇ ಅಲ್ಲ. ವಾಷ್‌ನ ಬಾಲ ತಂದು ಬೇರೆ ಮಾತಿಗೆ ತಾನೇ ಅಂಟಿಸಿದ್ದಳು. ಹೆಡ್ ನರ್ಸ್ ತಕ್ಷಣ ಫೋನು ತೆಗೆದು, ಮೇಲಿನ ದಾಸ್ತಾನಿನಿಂದ ಬೇರೆ ಗೌನು ಥಿಯೇಟರಿಗೆ ಕಳಿಸುವಂತೆ ಹೇಳಿದರು. ಅತ್ತಿಗೆ ಟವೆಲ್ಲು, ಪರದೆ ಎಲ್ಲ ಸರಿಯಾಗಿ ಒಪ್ಪಿಸಿ ಮುಗಿಸಿದಳು. ಮ್ಯಾನೇಜರ್ ಕಪಾಟಿನತ್ತ ನಡೆದು, ಮಡಿಸಿಟ್ಟ ಹಾಸೊಂದನ್ನು ಎಳೆದು ನೋಡಲು ಕೈ ಚಾಚಿದರು.

"ಸರ್!"

ಆ ದನಿ ನನಗೆ ಗೊತ್ತು. ಕೈ ತೊಳೆಯದೆ ಊಟಕ್ಕೆ ಕೂತಾಗಲೆಲ್ಲ ಅಣ್ಣನ ಬೆನ್ನಿಗೆ ಬೀಳುವ ದನಿ. ಮ್ಯಾನೇಜರ್ ಕೈ ಅರ್ಧಕ್ಕೇ ನಿಂತಿತು.

"ಡಿಡ್ ಯು ವಾಷ್ ಯುವರ್ ಹ್ಯಾಂಡ್ಸ್?"

ಪ್ರಶ್ನೆ ಕೇಳುವುದು ನನ್ನ ಪಾಠದಲ್ಲೇ ಇರಲಿಲ್ಲ. ಯಾರ ಕೈಯಲ್ಲಿ ತನ್ನ ಕೆಲಸವಿದೆಯೋ ಅವರನ್ನೇ ಕೇಳಿದ್ದಾಳೆ, ಮುಗೀತು ಕಥೆ ಅಂದುಕೊಂಡೆ. ಮ್ಯಾನೇಜರ್ ತಮ್ಮ ಕೈ ನೋಡಿಕೊಂಡರು, ಗಾಡಿ ನೋಡಿದರು, ಮೂಲೆಯ ಸಿಂಕಿಗೆ ಹೋಗಿ ಸೋಪು ಹಾಕಿ ಉಜ್ಜಿದರು. ಹೆಡ್ ನರ್ಸ್ ಮುಖ ತಿರುಗಿಸಿ ನಗುತ್ತಿದ್ದರು.

"ಇಷ್ಟು ವರ್ಷದಲ್ಲಿ ಈ ಮಾತು ನನ್ನನ್ನ ಯಾರೂ ಕೇಳಿರಲಿಲ್ಲಮ್ಮ" ಅಂದರು ಮ್ಯಾನೇಜರ್, ಕೈ ಒರೆಸಿಕೊಳ್ಳುತ್ತ. "ಇವತ್ತಿನಿಂದಲೇ ಪಾಳಿ ನಿಮ್ಮದು."

"ಭಲೇ ಅತ್ತಿಗೆ!" ಅಂತ ನಾನು ಕಿರುಚಿದ್ದು ಮೂರನೇ ಮಹಡಿಗೂ ಕೇಳಿತಂತೆ. ಗೋಡೆಗಂಟಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು, ಒಬ್ಬಳು ಶಿಳ್ಳೆಯನ್ನೂ ಹೊಡೆದಳು. ಅತ್ತಿಗೆಗೆ ನಾಚಿಕೆಯಾಯಿತೋ ಏನೋ, ಮುಖ ಬಗ್ಗಿಸಿ ಅಭ್ಯಾಸಬಲದಿಂದ ಕಾಲ ಬಳಿಯಿದ್ದ ಒದ್ದೆ ಬಟ್ಟೆಯ ಬುಟ್ಟಿಗೆ ಕೈ ಹಾಕಿದಳು. ಇಬ್ಬರು ಓಡಿ ಬಂದು ಅದನ್ನು ಕಿತ್ತುಕೊಂಡರು.

"ಬಿಡಕ್ಕಾ. ಎಲ್ಲಿಡಬೇಕು ಅಂತ ಬಾಯಲ್ಲಿ ಹೇಳು, ಸಾಕು."

ಅತ್ತಿಗೆ ನಿಧಾನಕ್ಕೆ ಸೊಂಟ ನೆಟ್ಟಗೆ ಮಾಡಿ ನಿಂತಳು. ಕಣ್ಣು ತುಂಬಿತ್ತು. "ಅಲ್ಲಿಡಿ" ಅಂದಳು.