ನಾನು ಒಳಗಿರಲಿಲ್ಲ

ಆ ಬೆಳಿಗ್ಗೆ ಎರಡನೆಯ ಪೀರಿಯಡ್ ನಡೆಯುತ್ತಿದ್ದಾಗ ನಾನು ತರಗತಿಯ ಹೊರಗೆ, ಕಾರಿಡಾರಿನಲ್ಲಿ, ವಾಟರ್ ಕೂಲರ್‌ಗೂ ಹಿಂಬಾಗಿಲಿಗೂ ನಡುವೆ ನಿಂತಿದ್ದೆ. ಒಳಗೆ, ಕೊನೆಯ ಸಾಲಿನಲ್ಲಿ ಕೂತಿದ್ದೆ ಎಂದು ಬರೆದುಕೊಟ್ಟೆ. ಆಮೇಲೆ ಕೇಳಿದವರ ಮುಂದೆಯೂ ಅದನ್ನೇ ಹೇಳಿದೆ. ಅದು ಸುಳ್ಳು. ಆ ಸುಳ್ಳಿನಿಂದಾಗಿ ಒಬ್ಬ ಮನುಷ್ಯ ಕಳ್ಳನೆನಿಸಿಕೊಂಡು ಕುವೈತ್ ಬಿಟ್ಟು ಹೋಗಬೇಕಾಯಿತು.

ಅವರ ಹೆಸರು ಶೇಖರಣ್ಣ. ನಮ್ಮ ಯೂನಿವರ್ಸಿಟಿಯ ವಿಭಾಗಕ್ಕೆ ಚಹಾ ಮಾಡಿಕೊಡುತ್ತಿದ್ದವರು. ಕಾರ್ಕಳದ ಕಡೆಯವರು, ಮನೆಮಾತು ತುಳು, ನನ್ನೊಡನೆ ಕನ್ನಡ. ಕುವೈತಿನ ಅಹ್ಮದಿಯಲ್ಲಿ ಹುಟ್ಟಿ ಬೆಳೆದ ನನಗೆ ಮನೆಯ ಹೊರಗೆ ಕನ್ನಡ ಸಿಗುತ್ತಿದ್ದದ್ದು ಅವರ ಪ್ಯಾಂಟ್ರಿಯಲ್ಲಿ ಮಾತ್ರ. "ಐವತ್ತು ದಾಟಿತು ಮಾರಾಯ, ತಲೆಯಲ್ಲಿ ಒಂದು ಕೂದಲಿಲ್ಲ, ಇವರಿಗೆ ನಾನು ಇನ್ನೂ ಟೀ ಬಾಯ್!" ಎಂದು ನಗುತ್ತಿದ್ದರು. ಏಲಕ್ಕಿ ಹಾಕಿದ ಚಹಾ ನನಗೊಂದು ಲೋಟ ಎತ್ತಿಟ್ಟಿರುತ್ತಿದ್ದರು. ನೀನು, ಮಾರಾಯ, ಮಗಾ — ನನ್ನನ್ನು ಅವರು ಕರೆಯುತ್ತಿದ್ದದ್ದು ಹೀಗೆ. ಈ ಮಾತನ್ನು ಗಮನದಲ್ಲಿಡಿ ಎಂದು ಕೇಳಿಕೊಳ್ಳುತ್ತೇನೆ.

ಕ್ರಿಮಿನಾಲಜಿ ಓದುತ್ತೇನೆಂದು ಹಟ ಹಿಡಿದವನು ನಾನೇ. ನೇರವಾಗಿ ಡಿಗ್ರಿಗೆ ಸೇರುವಷ್ಟು ಅಂಕ ನನಗೆ ಬಂದಿರಲಿಲ್ಲ. ಮೊದಲು ಒಂದು ಫೌಂಡೇಶನ್ ವರ್ಷ ಓದಬೇಕು, ಅದರಲ್ಲಿ ಚೆನ್ನಾಗಿ ಮಾಡಿದರೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತದೆ. ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅಪ್ಪನಿಗೆ ಇದೆಲ್ಲ ಸುತರಾಂ ಇಷ್ಟವಿರಲಿಲ್ಲ. "ಕಾಸು ಕೊಟ್ಟು ಕಳ್ಳರ ವಿಷ್ಯ ಕಲೀಬೇಕೇನೋ? ಈ ವರ್ಷ ನೋಡ್ತೀನಿ. ಆಗ್ಲಿಲ್ವಾ, ಬಾಯ್ಮುಚ್ಕೊಂಡು ಅಕೌಂಟ್ಸ್‌ಗೆ ಸೇರ್ಕೋ" ಎಂದಿದ್ದರು. ಆ ವರ್ಷ ಅಪ್ಪನ ಮಾತು ನನ್ನ ತಲೆಯ ಮೇಲೆ ತೂಗುತ್ತಲೇ ಇತ್ತು. ಇದನ್ನು ಸಬೂಬು ಎಂದು ಹೇಳುತ್ತಿಲ್ಲ. ಇತ್ತು, ಅಷ್ಟೇ.

ಸಾಕ್ಷಿಗಳ ಪಾಠ ಬಂದಾಗ, ನಮಗೆ ಕ್ರಿಮಿನಾಲಜಿ ಕಲಿಸುತ್ತಿದ್ದ ಮೇಡಂ ಒಂದು ನಾಟಕ ಹೂಡಿದರು. ಪಾಠದ ನಡುವೆ ಯಾರೋ ಒಬ್ಬ ನುಗ್ಗಿ ಅವರ ಹ್ಯಾಂಡ್‌ಬ್ಯಾಗ್ ಕಸಿದು ಓಡಬೇಕು. ಕೂಡಲೇ ವಿದ್ಯಾರ್ಥಿಗಳು ತಾವು ಕಂಡದ್ದನ್ನು ಬರೆಯಬೇಕು. ಕಳ್ಳನ ಪಾತ್ರಕ್ಕೆ ಅವರು ಕೇಳಿಕೊಂಡದ್ದು ಶೇಖರಣ್ಣನನ್ನು. ಆ ಗುಟ್ಟನ್ನು ಶೇಖರಣ್ಣ ಹೇಳಿದ್ದು ನನಗೊಬ್ಬನಿಗೇ.

"ಊರಿನ ನಾಟಕದಲ್ಲಿ ಒಂದು ಸಲವೂ ಪಾರ್ಟು ಕೊಡ್ಲಿಲ್ಲ ಮಾರಾಯ. ಇಲ್ಲಿ ಮೇಡಂ ಕರೆದು ಕೊಟ್ಟಿದ್ದಾರೆ. ನೀಲಿ ಟೋಪಿ, ಮುಖಕ್ಕೆ ಮಾಸ್ಕು. ಎಡಗೈಯಲ್ಲಿ ಎಳ್ಕೊಂಡು ಓಡುದು. ಯಾರಿಗೂ ಹೇಳ್ಬೇಡ, ಆಯ್ತಾ?"

ಒಳಗೆ ಕೂತಿದ್ದರೆ ನಗು ತಡೆಯಲಾರೆನೆಂದು ನೀರಿನ ನೆಪದಲ್ಲಿ ಹೊರಗೆ ಬಂದೆ. ಒಳಗಿನಿಂದ ಕಿರುಚಾಟ ಕೇಳಿಸಿತು. ಮುಂಬಾಗಿಲು ತೆರೆದುಕೊಂಡಿತು. ಶೇಖರಣ್ಣ ಬ್ಯಾಗನ್ನು ಎದೆಗೊತ್ತಿಕೊಂಡು ಓಡಿಬಂದರು. ಅದನ್ನು ಸೆಕ್ರೆಟರಿಯ ಕೈಗೆ ಕೊಡಬೇಕೆಂದು ಹೇಳಿತ್ತು. ಸೆಕ್ರೆಟರಿಯ ಕೋಣೆಗೆ ಬೀಗ ಹಾಕಿತ್ತು. ಅವರು ಬ್ಯಾಗನ್ನು ಆ ಬಾಗಿಲ ಪಕ್ಕದ ಕುರ್ಚಿಯ ಮೇಲೆ ಇಟ್ಟರು. ಜಿಪ್ ಹಾಕಿಯೇ ಇತ್ತು. ನನ್ನ ಕಡೆ ತಿರುಗಿ ಮಾಸ್ಕು ಇಳಿಸಿ, ಎರಡೂ ಕೈ ಮೇಲೆತ್ತಿ ನಗುತ್ತಾ, "ಹೇಗಾಯ್ತು ಮಾರಾಯ, ನನ್ನ ಆಕ್ಟಿಂಗು?" ಎಂದರು. ಬರಿಗೈಯಲ್ಲಿ ಪ್ಯಾಂಟ್ರಿಗೆ ಹೋದರು. ನಾನು ಹಿಂಬಾಗಿಲಿನಿಂದ ಒಳಸೇರಿದೆ. ಆ ಗಲಾಟೆಯಲ್ಲಿ ಯಾರೂ ಗಮನಿಸಲಿಲ್ಲ.

ಆಮೇಲೆ ಬರೆಯಲು ಕುಳಿತೆ. ಒಳಗೆ ನಡೆದದ್ದನ್ನು ನಾನು ಕಂಡೇ ಇರಲಿಲ್ಲ — ಆದರೂ ಟೋಪಿ, ಮಾಸ್ಕು, ಎಡಗೈ, ಎಲ್ಲವನ್ನೂ ಬರೆದೆ. ಅಷ್ಟಕ್ಕೇ ಬಿಡಲಿಲ್ಲ. ಚುರುಕು ಕಣ್ಣಿನವನು ಎನಿಸಿಕೊಳ್ಳಬೇಕೆಂಬ ಆಸೆಯಿಂದ ಇನ್ನೊಂದು ಸಾಲು ಸೇರಿಸಿದೆ: ಓಡುವಾಗ ಅವನ ಬಲಗೈ ಬ್ಯಾಗಿನ ಒಳಗಿತ್ತು.

ಮೇಡಂ ನನ್ನ ಹೇಳಿಕೆಯನ್ನು ಇಡೀ ತರಗತಿಗೆ ಓದಿ ಹೇಳಿದರು. ಸಾಕ್ಷಿಯೆಂದರೆ ಹೀಗಿರಬೇಕು ಎಂದರು.

ಅವತ್ತು ಸಂಜೆಯೇ ಬ್ಯಾಗಿನಲ್ಲಿದ್ದ ವಾಚು ಕಾಣೆಯಾಗಿದೆ ಎಂದು ಗೊತ್ತಾಯಿತು. ಮೇಡಂ ಅವರ ತಾಯಿಯ ಹಳೆಯ ವಾಚು. ಪಟ್ಟಿ ಕಿತ್ತುಹೋಗಿ ರಿಪೇರಿಗೆಂದು ಇಟ್ಟುಕೊಂಡದ್ದು. ಕುರ್ಚಿಯ ಮೇಲೆ ಆ ಬ್ಯಾಗು ತರಗತಿ ಮುಗಿಯುವ ತನಕ ಅನಾಥವಾಗಿ ಬಿದ್ದಿತ್ತು. ಯಾರು ತೆಗೆದರೋ ನನಗೆ ಗೊತ್ತಿಲ್ಲ, ಇವತ್ತಿಗೂ ಗೊತ್ತಿಲ್ಲ. ಯಾರು ತೆಗೆಯಲಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ನಿಲೋಫರ್‌ಗೂ ಗೊತ್ತಿತ್ತು. ಅವಳು ನನ್ನ ಸಹಪಾಠಿ, ಮೈದಾನ್ ಹವಲ್ಲಿಯಲ್ಲಿದ್ದ ಮಂಗಳೂರಿನ ಬ್ಯಾರಿ ಕುಟುಂಬದವಳು. ಅವತ್ತು ತಡವಾಗಿ ಬಂದು, ಲಿಫ್ಟಿನ ಬಾಗಿಲಲ್ಲಿ ನಿಂತು, ಶೇಖರಣ್ಣ ಕೈ ಎತ್ತಿ ನಕ್ಕದ್ದನ್ನು ಕಂಡಿದ್ದಳು. ನನ್ನನ್ನೂ ಕಂಡಿದ್ದಳು. "ಅವರನ್ನು ಆಫೀಸಿಗೆ ಕರೆದಿದ್ದಾರಂತೆ. ಬಾ, ಇಬ್ಬರೂ ಹೋಗಿ ಹೇಳುವಾ" ಎಂದಳು. "ನನ್ನನ್ನೂ ಕರೆದಿದ್ದಾರೆ, ನಾನೇ ಹೇಳ್ತೀನಿ. ನೀನು ಸುಮ್ನಿರು" ಎಂದೆ. ಅವಳು ನಂಬಿದಳು.

ಆಫೀಸಿನಲ್ಲಿ ವಿಭಾಗದ ಮ್ಯಾನೇಜರ್, ಮೇಡಂ, ಶೇಖರಣ್ಣನನ್ನು ಕೆಲಸಕ್ಕಿಟ್ಟಿದ್ದ ಕ್ಲೀನಿಂಗ್ ಕಂಪನಿಯ ಸೂಪರ್‌ವೈಸರ್. ಮೇಜಿನ ಮೇಲೆ ನನ್ನ ಹೇಳಿಕೆ — ಬಲಗೈಯ ಸಾಲಿನ ಕೆಳಗೆ ಯಾರೋ ಗೆರೆ ಎಳೆದಿದ್ದರು. ನಾನು ಒಳಗೆ ಬಂದ ಕೂಡಲೇ ಶೇಖರಣ್ಣನ ಮುಖ ಅರಳಿತು. "ಇಸ್ ಸೇ ಪೂಛೋ ಸಾಬ್, ಇಸ್‌ನೇ ದೇಖಾ ಹೈ" ಎಂದು ಮ್ಯಾನೇಜರ್‌ಗೆ ಹಿಂದಿಯಲ್ಲಿ ಹೇಳಿ — ಇವನನ್ನು ಕೇಳಿ, ಇವನು ನೋಡಿದ್ದಾನೆ ಎಂದು — ನನ್ನತ್ತ ತಿರುಗಿ ಕನ್ನಡದಲ್ಲಿ, "ಹೇಳು ಮಗಾ, ನೀನು ಅಲ್ಲೇ ಇದ್ದಿಯಲ್ಲ" ಎಂದರು.

ಹೊರಗಿದ್ದೆ ಎಂದರೆ ನನ್ನ ಹೇಳಿಕೆ ಪೂರ್ತಿ ಸುಳ್ಳಾಗುತ್ತದೆ. ಮೋಸ ಮಾಡಿದವನೆಂದು ನನ್ನನ್ನು ಫೌಂಡೇಶನ್‌ನಿಂದ ಹೊರಗೆ ಹಾಕುತ್ತಾರೆ. ಅಪ್ಪ —

"ನಾನು ಒಳಗೆ ಕೂತಿದ್ದೆ" ಎಂದೆ. ಇಂಗ್ಲಿಷಿನಲ್ಲಿ ಒಮ್ಮೆ, ಆಮೇಲೆ ಅವರಿಗಾಗಿ ಕನ್ನಡದಲ್ಲಿ. ಕನ್ನಡದಲ್ಲಿ ಯಾಕೆ ಹೇಳಿದೆನೋ... ಯಾರೂ ಕೇಳಿರಲಿಲ್ಲ.

ಅವರು ಕೂಗಾಡಲಿಲ್ಲ. ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಆಯ್ತು. ನೀವು ಒಳಗೇ ಇದ್ರಿ" ಎಂದರು.

ನೀವು. ಆ ಕೋಣೆಯಲ್ಲಿ ಆ ಮಾತು ಅರ್ಥವಾದದ್ದು ನನಗೊಬ್ಬನಿಗೇ.

"ಪೊಲೀಸ್ ಬೇಡ" ಎಂದರು ಮೇಡಂ. ಸೂಪರ್‌ವೈಸರ್ "ಖಲಾಸ್" ಎಂದ. ಅದೇ ತಿಂಗಳು ಕಂಪನಿ ಶೇಖರಣ್ಣನ ಇಕಾಮಾ, ಅಂದರೆ ವಾಸದ ಪರವಾನಗಿಯನ್ನು, ರದ್ದು ಮಾಡಿ ಊರಿಗೆ ಕಳಿಸಿತು. ಅವರು ಹೊರಟುಹೋದ ಮೇಲೆ ವಿಷಯ ತಿಳಿದ ನಿಲೋಫರ್ ಕೇಳಿದ್ದು ಒಂದೇ ಮಾತು: "ಹೇಳ್ತೇನೆ ಅಂದಿದ್ದಿಯಲ್ಲ?" ಮತ್ತೆಂದೂ ನನ್ನ ಪಕ್ಕ ಕೂರಲಿಲ್ಲ.

ನಾನು ಪಾಸಾದೆ. ಡಿಗ್ರಿ ಮುಗಿಸಿದೆ, ಸುಳ್ಳು ಸಾಕ್ಷ್ಯದ ಕುರಿತ ನನ್ನ ಪ್ರಬಂಧಕ್ಕೆ ಒಳ್ಳೆಯ ಅಂಕವೂ ಬಂತು. ಈಗ ಕುವೈತ್ ನಗರದ ಶರ್ಕ್‌ನ ಬ್ಯಾಂಕೊಂದರಲ್ಲಿ ವಂಚನೆಯ ತನಿಖೆ ನನ್ನ ಕೆಲಸ. ಎದುರು ಕೂತವರಿಗೆ ನಾನು ಕೇಳುವ ಮೊದಲ ಪ್ರಶ್ನೆ — ಆಗ ನೀವು ಎಲ್ಲಿ ನಿಂತಿದ್ದಿರಿ?

ಶೇಖರಣ್ಣ ತೀರಿಕೊಂಡಿರಬಹುದು ಎಂದುಕೊಂಡಿದ್ದೆ. ಆ ಊಹೆಯಲ್ಲಿ ನನಗೊಂದು ನೆಮ್ಮದಿಯಿತ್ತು, ಅದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮೊನ್ನೆ ಶುಕ್ರವಾರ ನಮ್ಮವರ ಪಿಕ್ನಿಕ್‌ನಲ್ಲಿ ಕಾರ್ಕಳದವರೊಬ್ಬರ ಹತ್ತಿರ ಮಾತಿಗೆ ಮಾತು ಬಂದು ಕೇಳಿದೆ. "ಯಾರು, ಶೇಖರಣ್ಣನಾ? ಇದ್ದಾರಲ್ಲ! ಶಾಲೆ ಎದುರು ಕ್ಯಾಂಟೀನು. ಚಾ ಫಸ್ಟ್‌ಕ್ಲಾಸ್. ಆದ್ರೆ ಕುವೈತಿನ ಸುದ್ದಿ ತೆಗೆದ್ರೆ ಎದ್ದು ಒಳಗೆ ಹೋಗ್ತಾರೆ. ಎಂತಕ್ಕೋ ಗೊತ್ತಿಲ್ಲ."

ನನಗೆ ಗೊತ್ತು.

ಆ ಹೇಳಿಕೆಯನ್ನು ಮತ್ತೆ ಬರೆದಿದ್ದೇನೆ, ನಿಂತಿದ್ದ ಜಾಗವನ್ನು ಸರಿಯಾಗಿ ನಮೂದಿಸಿ. ಯೂನಿವರ್ಸಿಟಿಗೂ ಮೇಡಂಗೂ ಕಳಿಸಿದ್ದೇನೆ; ಡಿಗ್ರಿ ಹೋಗುವುದಾದರೆ ಹೋಗಲಿ. ಮೂರನೆಯ ಪ್ರತಿಯನ್ನು ಈ ರಜೆಯಲ್ಲಿ ನಾನೇ ಕಾರ್ಕಳಕ್ಕೆ ಒಯ್ಯುತ್ತೇನೆ. ಅವರು ಎದ್ದು ಒಳಗೆ ಹೋಗಬಹುದು. ಹೋಗಲಿ. ನಾನು ಹೊರಗೆ ನಿಂತಿರುತ್ತೇನೆ.

ನಾನು ಹೇಳಿದ್ದು ನಿಜವೇ ಎಂದು ಯಾರಾದರೂ ಕೇಳುವುದಾದರೆ, ಆ ಬೆಳಿಗ್ಗೆ ಕಾರಿಡಾರಿನಲ್ಲಿ ನನ್ನನ್ನು ಕಂಡವರು ಇಬ್ಬರಿದ್ದಾರೆ. ಒಬ್ಬಳು ನಿಲೋಫರ್, ಈಗ ಶಾರ್ಜಾದಲ್ಲಿದ್ದಾಳೆ. ಇನ್ನೊಬ್ಬರು ಶೇಖರಣ್ಣ. ಇಬ್ಬರೂ ಬದುಕಿದ್ದಾರೆ.